ಕಂಟೇನರ್ ಓಡ್ತಿದೆ, ಡೇಟಾಬೇಸ್ ಮಾತ್ರ ಸಿಗ್ತಿಲ್ಲ: ಯಾವ ಮೆಟ್ಲಲ್ಲಿ ಎಡವಿದೆ ಅಂತ ಹುಡುಕೋದು ಹೇಗೆ

ಸೈಟ್ ಓಪನ್ ಮಾಡಿದ್ರೆ ಬಿಳೀ ಪೇಜು, ಅದ್ರಲ್ಲಿ 'ಎರರ್ ಎಸ್ಟಾಬ್ಲಿಶಿಂಗ್ ಎ ಡೇಟಾಬೇಸ್ ಕನೆಕ್ಷನ್' ಅಂತ ಒಂದೇ ಲೈನು. ಡಾಕರಲ್ಲಿ, ಅಂದ್ರೆ ಪ್ರತಿ ಪ್ರೋಗ್ರಾಮನ್ನೂ ಕಂಟೇನರ್ ಅನ್ನೋ ಬೇರೆ ಬೇರೆ ಡಬ್ಬಿಯಲ್ಲಿ ಓಡಿಸೋ ಟೂಲಲ್ಲಿ, ವರ್ಡ್‌ಪ್ರೆಸ್ ಸೈಟ್ ಇಟ್ಕೊಂಡಿರೋರು ಒಂದಲ್ಲ ಒಂದಿನ ಇದನ್ನ ನೋಡೇ ಇರ್ತಾರೆ. ಕಷ್ಟ ಏನಂದ್ರೆ ಈ ಲೈನು ಏನನ್ನೂ ಹೇಳಲ್ಲ. ಡೇಟಾಬೇಸ್ ಕಂಟೇನರ್ ಸತ್ತಿದ್ರೂ ಇದೇ, ಪಾಸ್‌ವರ್ಡ್ ತಪ್ಪಿದ್ರೂ ಇದೇ, ಹೋಸ್ಟ್ ಹೆಸರು ಸಿಗ್ದಿದ್ರೂ ಇದೇ. ಇದನ್ನ ನೋಡಿದ ತಕ್ಷಣ ಜನ ಮಾಡೋದು ಏನಪ್ಪಾ ಅಂದ್ರೆ ಎಲ್ಲಾನೂ ರೀಸ್ಟಾರ್ಟ್ ಮಾಡೋದು, ಆಗ್ಲಿಲ್ಲ ಅಂದ್ರೆ ಪಾಸ್‌ವರ್ಡ್ ಬದಲಾಯ್ಸೋದು, ಅದೂ ಆಗ್ಲಿಲ್ಲ ಅಂದ್ರೆ ಎಲ್ಲೋ ಓದಿದ್ದು ನೆನಪಾಗಿ 'ಡಾಕರ್ ಕಂಪೋಸ್ ಡೌನ್ ಮೈನಸ್ ವಿ' ಹೊಡೆಯೋದು. ಆ ಕೊನೇ 'ಮೈನಸ್ ವಿ' ಡೇಟಾ ಇಟ್ಟಿರೋ ವಾಲ್ಯೂಮನ್ನೂ ಅಳಿಸಿಬಿಡತ್ತೆ, ಅಂದ್ರೆ ಡೇಟಾ ಎಲ್ಲ ಹೋಯ್ತು. ಆಮೇಲೆ ಸೈಟ್ ಕನೆಕ್ಟ್ ಆಗತ್ತೆ ನಿಜ, ಖಾಲಿ ಡೇಟಾಬೇಸಿಗೆ.

ಹಾಗಾಗಿ ಮೊದ್ಲು ಯಾವುದನ್ನೂ ಮುಟ್ಟದೆ ನಿಜವಾದ ಎರರ್ ಏನು ಅಂತ ತೆಗೀರಿ. ವರ್ಡ್‌ಪ್ರೆಸ್ಸಿನ ಅಫಿಷಿಯಲ್ ಇಮೇಜ್ (ಕಂಟೇನರ್ ತಯಾರಾಗೋ ಅಚ್ಚು) ಆದ್ರೆ ಕಂಪೋಸ್ ಫೈಲಲ್ಲಿ (ಯಾವ್ಯಾವ ಕಂಟೇನರ್ ಹೇಗೆ ಓಡ್ಬೇಕು ಅಂತ ಬರ್ದಿರೋ ಫೈಲು) ವರ್ಡ್‌ಪ್ರೆಸ್ ಡೀಬಗ್ ವೇರಿಯೇಬಲ್‌ಗೆ 1 ಕೊಟ್ಟು ಮತ್ತೆ ಅಪ್ ಮಾಡಿದ್ರೆ ಪಿಎಚ್‌ಪಿ ನುಂಗಿಕೊಂಡಿದ್ದ ವಾರ್ನಿಂಗ್ ಹೊರಗೆ ಬರತ್ತೆ, ಲಾರಾವೆಲ್ ಅನ್ನೋ ಪಿಎಚ್‌ಪಿ ಫ್ರೇಮ್‌ವರ್ಕ್ ಆದ್ರೆ ಸ್ಟೋರೇಜ್ ಫೋಲ್ಡರಿನ ಲಾಗಲ್ಲಿ ಬಿದ್ದಿರತ್ತೆ. ಕೆಲ್ಸ ಮುಗಿದ್ಮೇಲೆ ಡೀಬಗ್ ಆಫ್ ಮಾಡೋದು ಮರೀಬೇಡಿ, ಇಲ್ಲಾಂದ್ರೆ ಬಂದೋರಿಗೆಲ್ಲ ನಿಮ್ಮ ಫೈಲ್ ಪಾತ್ ತೋರಿಸ್ತಾ ಕೂತಿರತ್ತೆ.

ಆ್ಯಪ್ ಡೇಟಾಬೇಸನ್ನ ಹಿಡಿಯೋದು ನಾಕು ಮೆಟ್ಲಲ್ಲಿ. ಹೆಸರಿಂದ ಐಪಿ ಸಿಗ್ಬೇಕು, ಆ ಐಪಿಯ ಪೋರ್ಟಲ್ಲಿ ಯಾರಾದ್ರೂ ಕೇಳ್ತಾ ಕೂತಿರ್ಬೇಕು, ಯೂಸರ್-ಪಾಸ್‌ವರ್ಡ್ ಒಪ್ಪಿಗೆ ಆಗ್ಬೇಕು, ಕೊನೇಗೆ ಕೇಳಿದ ಡೇಟಾಬೇಸ್ ಒಳಗಿರ್ಬೇಕು. ನಿಜವಾದ ಎರರ್ ಮೆಸೇಜು ಯಾವ ಮೆಟ್ಲಲ್ಲಿ ಎಡವಿದೆ ಅಂತ ಹೇಳೇ ಹೇಳತ್ತೆ. 'ನೇಮ್ ಆರ್ ಸರ್ವಿಸ್ ನಾಟ್ ನೋನ್' ಅಥ್ವಾ 'ಟೆಂಪರರಿ ಫೇಲ್ಯೂರ್ ಇನ್ ನೇಮ್ ರೆಸಲ್ಯೂಷನ್' ಬಂದ್ರೆ ಮೊದಲ್ನೇ ಮೆಟ್ಲು. 'ಕನೆಕ್ಷನ್ ರೆಫ್ಯೂಸ್ಡ್' ಬಂದ್ರೆ ಎರಡ್ನೇದು. ಮೈಎಸ್‌ಕ್ಯೂಎಲ್ ಡೇಟಾಬೇಸಿನ 1045 ನಂಬರಿನ 'ಆ್ಯಕ್ಸೆಸ್ ಡಿನೈಡ್' ಬಂದ್ರೆ ಮೂರ್ನೇದು, 1049 'ಅನ್‌ನೋನ್ ಡೇಟಾಬೇಸ್' ಬಂದ್ರೆ ನಾಕ್ನೇದು. 'ಆ್ಯಕ್ಸೆಸ್ ಡಿನೈಡ್' ನೋಡಿ ನೆಟ್‌ವರ್ಕ್ ಸೆಟ್ಟಿಂಗ್ ಕೆದಕೋರನ್ನ ಬೇಕಾದಷ್ಟು ನೋಡಿದೀನಿ. ಡೇಟಾಬೇಸೇ ಮಾತಾಡಿ 'ನೀನು ಬೇಡ' ಅಂತಿದೆ ಅಂದ್ರೆ ನೆಟ್‌ವರ್ಕ್ ಚೆನ್ನಾಗೇ ಇದೆ, ಅದನ್ನ ಬಿಟ್ಬಿಡಿ.

ಲೋಕಲ್‌ಹೋಸ್ಟ್ ಅನ್ನೋ ಹಳೇ ಅಭ್ಯಾಸ

ಹೋಸ್ಟ್ ಹೆಸರಿನ ತಪ್ಪುಗಳಲ್ಲಿ ಹೆಚ್ಚಾಗಿ ಕಾಣೋದು ಆ ಜಾಗದಲ್ಲಿ ಲೋಕಲ್‌ಹೋಸ್ಟ್, ಅಂದ್ರೆ 'ಇದೇ ಮೆಷಿನ್', ಅಂತ ಬರ್ದಿರೋದು. ಮೊದ್ಲು ಎಲ್ಲಾ ಒಂದೇ ಮೆಷಿನಲ್ಲಿತ್ತು, ನಡೀತಿತ್ತು. ಈಗ ವೆಬ್ ಒಂದು ಕಂಟೇನರು, ಡೇಟಾಬೇಸ್ ಇನ್ನೊಂದು. ವೆಬ್ ಕಂಟೇನರಿನ ಒಳಗೆ ನಿಂತು ಲೋಕಲ್‌ಹೋಸ್ಟ್ ಅಂದ್ರೆ ಅದು ತನ್ನನ್ನೇ ತಾನು ಹುಡುಕ್ಕೊಂಡಂಗೆ. ಪಿಎಚ್‌ಪಿಲಿ ಇನ್ನೊಂದು ಸೂಕ್ಷ್ಮ ಇದೆ, ಲೋಕಲ್‌ಹೋಸ್ಟ್ ಅಂತ ಕೊಟ್ರೆ ಅದು ನೆಟ್‌ವರ್ಕಿಗೇ ಹೋಗಲ್ಲ, ಒಂದೇ ಮೆಷಿನ್ ಒಳಗಿನ ಪ್ರೋಗ್ರಾಮುಗಳು ಮಾತಾಡ್ಕೊಳ್ಳೋ ಯುನಿಕ್ಸ್ ಸಾಕೆಟ್ ಫೈಲ್ ಹುಡುಕತ್ತೆ, ಅದಕ್ಕೇ 2002 ನಂಬರಿನ ಜೊತೆ 'ನೋ ಸಚ್ ಫೈಲ್ ಆರ್ ಡೈರೆಕ್ಟರಿ' ಅಂತ ಬರೋದು. ಯಾವ ಫೈಲಪ್ಪಾ ಇದು ಅಂತ ತಲೆ ಕೆಡಿಸ್ಕೋಬೇಡಿ, ಅದು ಆ ಸಾಕೆಟ್ಟು. ಅದೇ 127.0.0.1 ಕೊಟ್ರೆ 'ಕನೆಕ್ಷನ್ ರೆಫ್ಯೂಸ್ಡ್' ಬರತ್ತೆ. ಎರಡಕ್ಕೂ ಮದ್ದು ಒಂದೇ, ಹೋಸ್ಟ್ ಜಾಗದಲ್ಲಿ ಕಂಪೋಸ್ ಫೈಲಲ್ಲಿರೋ ಸರ್ವಿಸ್ ಹೆಸರು ಹಾಕಿ. ಸರ್ವಿಸ್ ಹೆಸರು 'ಡಿಬಿ' ಆದ್ರೆ ಹೋಸ್ಟೂ 'ಡಿಬಿ'.

ಹೆಸರು ಹಾಕಿದ್ರೂ ಸಿಗ್ತಿಲ್ಲ ಅಂದ್ರೆ ವೆಬ್ ಕಂಟೇನರ್ ಒಳಗೇ ಹೋಗಿ 'ಗೆಟೆಂಟ್ ಹೋಸ್ಟ್ಸ್ ಡಿಬಿ' (getent hosts db) ಅಂತ ಹೊಡೀರಿ. ಪಿಂಗ್ ಹುಡುಕ್ಬೇಡಿ, ಸಣ್ಣ ಇಮೇಜುಗಳಲ್ಲಿ ಅದು ಸಾಮಾನ್ಯವಾಗಿ ಇರಲ್ಲ. 172.18.0.2 ಥರ ಒಂದು ಐಪಿ ಬಂದ್ರೆ ಹೆಸರಿನ ಕಥೆ ಮುಗೀತು, ಮುಂದಿನ ಮೆಟ್ಲಿಗೆ ಹೋಗಿ. ಏನೂ ಬರ್ಲಿಲ್ಲ ಅಂದ್ರೆ ಒಂದೋ ಡೇಟಾಬೇಸ್ ಕಂಟೇನರ್ ಓಡ್ತಾನೇ ಇಲ್ಲ, ಇಲ್ವೋ ಎರಡೂ ಬೇರೆ ಬೇರೆ ನೆಟ್‌ವರ್ಕಲ್ಲಿವೆ. ಒಂದು ಕಂಪೋಸ್ ಪ್ರಾಜೆಕ್ಟಿಗೆ ಒಂದು ನೆಟ್‌ವರ್ಕ್ ತಾನಾಗೇ ಆಗತ್ತೆ, ಎರಡು ಫೋಲ್ಡರಲ್ಲಿ ಎರಡು ಕಂಪೋಸ್ ಫೈಲ್ ಇದ್ರೆ ಒಂದರದ್ದು ಇನ್ನೊಂದಕ್ಕೆ ಕಾಣಲ್ಲ, ಎಕ್ಸ್‌ಟರ್ನಲ್ ನೆಟ್‌ವರ್ಕ್ ಮಾಡಿ ಎರಡನ್ನೂ ಸೇರಿಸ್ಬೇಕು. ಕಂಪೋಸ್ ಇಲ್ದೆ ಬರೀ 'ಡಾಕರ್ ರನ್' ಮಾಡಿದ್ರೆ ಡೀಫಾಲ್ಟ್ ಬ್ರಿಡ್ಜ್ ಅನ್ನೋ ನೆಟ್‌ವರ್ಕಲ್ಲಿ ಬೀಳತ್ತೆ, ಅಲ್ಲಿ ಹೆಸರಿಂದ ಹುಡುಕೋ ವ್ಯವಸ್ಥೆಯೇ ಇಲ್ಲ, ನಾವೇ ಮಾಡಿದ ನೆಟ್‌ವರ್ಕಲ್ಲಿ ಮಾತ್ರ ಡಾಕರಿನ ಒಳಗಿನ ಡಿಎನ್‌ಎಸ್, 127.0.0.11, ಕಂಟೇನರ್ ಹೆಸರಿಗೆ ಉತ್ತರ ಕೊಡತ್ತೆ.

ಪೋರ್ಟ್ ಬಗ್ಗೆ ಒಂದೇ ಮಾತು. ಕಂಪೋಸ್ ಫೈಲಲ್ಲಿ 3307:3306 ಅಂತ ಬರ್ದಿದ್ರೆ 3307 ಇರೋದು ಹೊರಗಿನ ಮೆಷಿನಿಗೆ. ಕಂಟೇನರಿಂದ ಕಂಟೇನರಿಗೆ ಹೋಗೋವಾಗ 3306ನೇ. ಆ್ಯಪಲ್ಲಿ 3307 ಹಾಕಿ ರೆಫ್ಯೂಸ್ಡ್ ಅಂತ ಒದ್ದಾಡ್ತಿದ್ರೆ ಕಾರಣ ಇಷ್ಟೇ. ಆ್ಯಪ್ ಒಂದೇ ಬಳಸ್ತಿದ್ರೆ ಡೇಟಾಬೇಸ್ ಸರ್ವಿಸ್ಸಿಗೆ ಪೋರ್ಟ್ಸ್ ಅನ್ನೋ ಲೈನೇ ಬೇಕಿಲ್ಲ, ತೆಗೆದುಬಿಡಿ, ಇದ್ರೆ ಹೊರಗಿನ ಪ್ರಪಂಚಕ್ಕೆಲ್ಲ ಬಾಗ್ಲು ತೆಗ್ದಿಟ್ಟಂಗೆ.

ಹೆಸರು ಸಿಕ್ತು, ಪೋರ್ಟೂ ಸರಿ, ಆದ್ರೂ ರೆಫ್ಯೂಸ್ಡ್

ಇದು ಒಂದು ಲೆಕ್ಕದಲ್ಲಿ ಒಳ್ಳೇ ಸುದ್ದಿ. ದಾರಿ ಇದೆ, ಆ ಕಡೆ ಬಾಗ್ಲು ಇನ್ನೂ ತೆಗ್ದಿಲ್ಲ ಅಷ್ಟೇ. 'ಡಾಕರ್ ಕಂಪೋಸ್ ಪಿಎಸ್ ಮೈನಸ್ ಎ' ಹೊಡೀರಿ, ಆ 'ಮೈನಸ್ ಎ' ಇಲ್ದಿದ್ರೆ ಸತ್ತಿರೋ ಕಂಟೇನರು ಲಿಸ್ಟಲ್ಲೇ ಬರಲ್ಲ, ಎಲ್ಲಾ ಚೆನ್ನಾಗಿದೆ ಅಂತ ಅನ್ಸಿಬಿಡತ್ತೆ. ಡೇಟಾಬೇಸ್ ಮುಂದೆ 'ಅಪ್ 6 ಸೆಕೆಂಡ್ಸ್' ಅಂತ ಇದ್ದು ಆ್ಯಪ್ ಮುಂದೆ 'ಅಪ್ 2 ಅವರ್ಸ್' ಅಂತ ಇದ್ರೆ ಡೇಟಾಬೇಸ್ ಬಿದ್ದು ಎದ್ದು ಮಾಡ್ತಿದೆ ಅಂತ ಗೊತ್ತಾಯ್ತು. ಆಗ ನೋಡ್ಬೇಕಾಗಿರೋದು ಡೇಟಾಬೇಸಿನ ಲಾಗು, ಆ್ಯಪಿನದ್ದಲ್ಲ.

ಬೀಳ್ತಿಲ್ಲ, ಬರೀ ಸ್ಟಾರ್ಟ್ ಆಗೋ ಹೊತ್ತಲ್ಲಿ ಮಾತ್ರ ಎರರ್ ಬರತ್ತೆ, ಒಂದ್ನಿಮಿಷ ಬಿಟ್ಟು ಆ್ಯಪ್ ರೀಸ್ಟಾರ್ಟ್ ಮಾಡಿದ್ರೆ ಸರಿಹೋಗತ್ತೆ ಅಂದ್ರೆ ಅದು ಓಟದ ಸಮಸ್ಯೆ, ಡೇಟಾಬೇಸ್ ರೆಡಿ ಆಗೋ ಮುಂಚೆನೇ ಆ್ಯಪ್ ಓಡಿ ಬರ್ತಿದೆ. 'ಡಿಪೆಂಡ್ಸ್ ಆನ್' ಹಾಕಿದೀನಲ್ಲ ಅಂತೀರಿ. ಬರೀ ಅದಿದ್ರೆ ಡೇಟಾಬೇಸ್ ಕಂಟೇನರ್ ಶುರು ಆಗೋವರ್ಗೂ ಮಾತ್ರ ಕಾಯತ್ತೆ, ಒಳಗಿರೋ ಡೇಟಾಬೇಸ್ ರೆಡಿ ಆಗೋವರ್ಗೂ ಅಲ್ಲ. ಅದಕ್ಕೆ 'ಸರ್ವಿಸ್ ಹೆಲ್ದಿ' ಅನ್ನೋ ಕಂಡಿಷನ್ ಹಾಕಿ ಡೇಟಾಬೇಸಿಗೆ ಒಂದು ಹೆಲ್ತ್‌ಚೆಕ್, ಅಂದ್ರೆ ರೆಡಿ ಇದೆಯಾ ಅಂತ ಆಗಾಗ ಕೇಳೋ ಕಮಾಂಡು, ಬರೀಬೇಕು.

ಹೆಲ್ತ್‌ಚೆಕ್ ಬರ್ದೂ ಒಂದ್ಸಲ ನಾನು ಎರಡು ಗಂಟೆ ಕಳ್ಕೊಂಡಿದೀನಿ. ಹೊಸ ಸರ್ವರು, ಖಾಲಿ ವಾಲ್ಯೂಮು, ಹೆಲ್ತ್‌ಚೆಕ್ ಹಸಿರು ತೋರಿಸ್ತಿದೆ, ಆ್ಯಪ್ ಮಾತ್ರ ರೆಫ್ಯೂಸ್ಡ್ ಅಂತ ಬಿದ್ದೋಗ್ತಿದೆ. ಮೈಎಸ್‌ಕ್ಯೂಎಲ್ ಲಾಗನ್ನ ಮೇಲಿಂದ ಕೆಳಗೆ ನಿಧಾನಕ್ಕೆ ಓದ್ದಾಗ ಕಣ್ಣಿಗೆ ಬಿತ್ತು, 'ರೆಡಿ ಫಾರ್ ಕನೆಕ್ಷನ್ಸ್' ಅನ್ನೋ ಲೈನು ಎರಡು ಸಲ ಇದೆ. ಮೊದಲ್ನೇದರ ಕೊನೇಲಿ ಪೋರ್ಟ್ 0, ಎರಡ್ನೇದರಲ್ಲಿ ಪೋರ್ಟ್ 3306. ಮೊದಲ ಸಲ ಸ್ಟಾರ್ಟ್ ಆಗೋವಾಗ ಆ ಇಮೇಜು ಯೂಸರು, ಡೇಟಾಬೇಸು ಎಲ್ಲ ಕ್ರಿಯೇಟ್ ಮಾಡೋಕೆ ಒಂದು ತಾತ್ಕಾಲಿಕ ಸರ್ವರ್ ಎಬ್ಬಿಸತ್ತೆ, ಅದಕ್ಕೆ ನೆಟ್‌ವರ್ಕೇ ಇರಲ್ಲ, ಸಾಕೆಟ್ ಮಾತ್ರ. ನನ್ನ ಹೆಲ್ತ್‌ಚೆಕ್ಕು ಲೋಕಲ್‌ಹೋಸ್ಟ್ ಅಂತ ಕೇಳ್ತಿತ್ತು, ಅಂದ್ರೆ ಸಾಕೆಟ್ ಮೂಲಕ, ಆ ತಾತ್ಕಾಲಿಕ ಸರ್ವರ್ 'ಇದೀನಿ' ಅಂತ ಉತ್ತರ ಕೊಡ್ತಿತ್ತು, ಆ್ಯಪ್ ಓಡ್ಬಂದು ಮುಚ್ಚಿದ ಬಾಗ್ಲಿಗೆ ಮೂತಿ ಗುದ್ದಿಸ್ಕೊಳ್ತಿತ್ತು. ಹೆಲ್ತ್‌ಚೆಕ್‌ನಲ್ಲಿ ಲೋಕಲ್‌ಹೋಸ್ಟ್ ತೆಗ್ದು 127.0.0.1 ಹಾಕಿದೆ, ಸರಿಹೋಯ್ತು. ಪೋಸ್ಟ್‌ಗ್ರೆಸ್ ಅನ್ನೋ ಇನ್ನೊಂದು ಡೇಟಾಬೇಸಿನ ಇಮೇಜೂ ಇದೇ ಆಟ ಆಡತ್ತೆ, ಅಲ್ಲೂ ಹೆಲ್ತ್‌ಚೆಕ್ಕಿನ 'ಪಿಜಿ ಈಸ್‌ರೆಡಿ' ಕಮಾಂಡಿಗೆ ಹೋಸ್ಟ್ ಕೊಟ್ಟೇ ಕೇಳಿ. ಇನ್ನೊಂದು, 'ಮೈಎಸ್‌ಕ್ಯೂಎಲ್ ಅಡ್ಮಿನ್ ಪಿಂಗ್' ಪಾಸ್‌ವರ್ಡ್ ತಪ್ಪಿದ್ರೂ ಪಾಸ್ ಅನ್ನತ್ತೆ, ಸರ್ವರ್ ಜೀವಂತ ಇದೆಯಾ ಅಂತ ಮಾತ್ರ ಅದು ನೋಡೋದು, ಹಾಗಾಗಿ ಹೆಲ್ತ್‌ಚೆಕ್ ಹಸಿರಿದೆ ಅಂದ್ರೆ ಪಾಸ್‌ವರ್ಡ್ ಸರಿ ಇದೆ ಅಂತ ಅಂದ್ಕೋಬೇಡಿ.

ಈ ಕಂಡಿಷನ್ ಎಲ್ಲ ಕೆಲ್ಸ ಮಾಡೋದು ನೀವು ಕಂಪೋಸ್ ಅಪ್ ಮಾಡ್ದಾಗ ಮಾತ್ರ. ಸರ್ವರೇ ರೀಬೂಟ್ ಆದ್ರೆ ಡಾಕರ್ ತನಗೆ ಬಂದ ಕ್ರಮದಲ್ಲಿ ಎಬ್ಬಿಸತ್ತೆ, ಯಾರು ಯಾರಿಗೆ ಕಾಯ್ಬೇಕು ಅನ್ನೋದನ್ನ ನೋಡಲ್ಲ. ಆ್ಯಪಲ್ಲೇ ನಾಕೈದು ಸಲ ರೀಟ್ರೈ ಮಾಡೋ ಕೋಡ್ ಇದ್ರೆ ನೆಮ್ಮದಿ.

ಪಾಸ್‌ವರ್ಡ್ ಸರಿ ಇದೆ, ಆದ್ರೂ ಒಪ್ತಿಲ್ಲ

ಇಲ್ಲಿ ಸ್ವಲ್ಪ ಹೊತ್ತು ಕೂರೋಣ, ಯಾಕಂದ್ರೆ ಜನ ವಾಲ್ಯೂಮ್ ಅಳಿಸೋದು ಇಲ್ಲೇ.

ನನ್ನದೇ ಕಥೆ. ಹಳೇ ಪಾಸ್‌ವರ್ಡ್ ತೀರಾ ಸುಲಭ ಇತ್ತು ಅಂತ ಪಾಸ್‌ವರ್ಡ್ ಥರದ ವೇರಿಯೇಬಲ್ ಇಡೋ ಡಾಟ್ ಎನ್ವ್ (.env) ಫೈಲಲ್ಲಿ ಉದ್ದದ್ದೊಂದು ಹಾಕಿ ಅಪ್ ಮಾಡ್ದೆ. ಸೈಟ್ ಢಮಾರ್. ಫೈಲ್ ತೆಗ್ದು ನೋಡಿದ್ರೆ ಡೇಟಾಬೇಸ್ ಸರ್ವಿಸ್ಸಿಗೂ ಅದೇ ಪಾಸ್‌ವರ್ಡು, ಆ್ಯಪ್ ಸರ್ವಿಸ್ಸಿಗೂ ಅದೇ, ಅಕ್ಷರಕ್ಕಕ್ಷರ ಹೊಂದ್ತಿದೆ, ಆದ್ರೂ 1045. ಆಗಿದ್ದೇನಂದ್ರೆ ಕಂಪೋಸ್ ಫೈಲಲ್ಲಿ ಕೊಡೋ ಆ ಯೂಸರು, ಪಾಸ್‌ವರ್ಡು, ರೂಟ್ ಪಾಸ್‌ವರ್ಡು, ಡೇಟಾಬೇಸ್ ಹೆಸರು ಇವೆಲ್ಲ ಲೆಕ್ಕಕ್ಕೆ ಬರೋದು ಡೇಟಾ ಫೋಲ್ಡರ್ ಖಾಲಿ ಇರೋವಾಗ, ಅಂದ್ರೆ ಮೊಟ್ಟಮೊದಲ ಸಲ ಮಾತ್ರ. ಆಮೇಲೆ ಪಾಸ್‌ವರ್ಡ್ ಇರೋದು ವಾಲ್ಯೂಮ್ ಒಳಗೆ ಡೇಟಾಬೇಸಿನ ಹತ್ರಾನೇ, ನೀವು ಫೈಲಲ್ಲಿ ಏನೇ ಬರ್ಕೊಂಡ್ರೂ ಅದಕ್ಕೆ ಗೊತ್ತೇ ಆಗಲ್ಲ. ವಾಲ್ಯೂಮ್ ಅಳಿಸಿದ್ರೆ ಸರಿಹೋಗತ್ತೆ ಅಂತ ಹೇಳೋರು ಹೇಳೋದು ಇದಕ್ಕೇ, ಅಳಿಸಿದ್ರೆ ಮತ್ತೆ ಮೊದಲ ಸಲ ಆಗತ್ತಲ್ಲ. ಅದು ನೆಗಡಿಗೆ ಮೂಗು ಕೊಯ್ದಂಗೆ. ಹಳೇ ರೂಟ್ ಪಾಸ್‌ವರ್ಡಲ್ಲಿ ಒಳಗೆ ಹೋಗಿ 'ಆಲ್ಟರ್ ಯೂಸರ್' ಹೊಡೆದು ಹೊಸ ಪಾಸ್‌ವರ್ಡ್ ಕೊಟ್ರೆ ಮುಗೀತು. ರೂಟ್ ಪಾಸ್‌ವರ್ಡೂ ಮರ್ತೋಗಿದ್ರೆ 'ಸ್ಕಿಪ್ ಗ್ರಾಂಟ್ ಟೇಬಲ್ಸ್' ಆಪ್ಷನಲ್ಲಿ ಒಂದ್ಸಲ ಎಬ್ಬಿಸಿ, 'ಫ್ಲಶ್ ಪ್ರಿವಿಲೇಜಸ್' ಮೊದ್ಲು ಹೊಡೆದು ಆಮೇಲೆ ಆಲ್ಟರ್ ಮಾಡಿ, ತಕ್ಷಣ ಆ ಆಪ್ಷನ್ ತೆಗೀರಿ.

1045ರ ಲೈನನ್ನ ಪೂರ್ತಿ ಓದ್ಬೇಕು, ಅದ್ರಲ್ಲಿ ಮೂರು ಸುಳಿವಿವೆ. ಯೂಸರ್ ಹೆಸರು, ಆಮೇಲೆ ಒಂದು ಐಪಿ, ಕೊನೇಲಿ 'ಯೂಸಿಂಗ್ ಪಾಸ್‌ವರ್ಡ್ ಯೆಸ್' ಅಥ್ವಾ 'ನೋ'. 'ನೋ' ಅಂತಿದ್ರೆ ಆ್ಯಪಿಗೆ ಪಾಸ್‌ವರ್ಡ್ ಬಂದೇ ಇಲ್ಲ, ವೇರಿಯೇಬಲ್ ಹೆಸರಲ್ಲೇ ಏನೋ ತಪ್ಪಿದೆ, ಪಾಸ್‌ವರ್ಡನ್ನ ಹತ್ತು ಸಲ ಬದಲಾಯಿಸಿ ಪ್ರಯೋಜನ ಇಲ್ಲ. ಆ ಐಪಿ ಆ್ಯಪ್ ಕಂಟೇನರಿಂದು, ಡೇಟಾಬೇಸಿಂದಲ್ಲ. ಯೂಸರನ್ನ ನೀವೇ ಕೈಯಲ್ಲಿ ಕ್ರಿಯೇಟ್ ಮಾಡೋವಾಗ ಲೋಕಲ್‌ಹೋಸ್ಟಿಗೆ ಅಂತ ಮಾಡಿದ್ರೆ 172.18ರಿಂದ ಬರೋ ಆ್ಯಪನ್ನ ಅದು ಸೇರ್ಸಲ್ಲ, ಇಮೇಜ್ ತಾನೇ ಮಾಡೋ ಯೂಸರಿಗೆ ಪರ್ಸೆಂಟ್ ಚಿಹ್ನೆ, ಅಂದ್ರೆ ಎಲ್ಲಿಂದ ಬಂದ್ರೂ ಓಕೆ ಅಂತ ಇರತ್ತೆ.

ಪಾಸ್‌ವರ್ಡಲ್ಲಿ ಡಾಲರ್ ಚಿಹ್ನೆ ಇದೆಯಾ? ಕಂಪೋಸ್ ಅದನ್ನ ವೇರಿಯೇಬಲ್ ಅಂದ್ಕೊಂಡು ಅದ್ರ ಜಾಗದಲ್ಲಿ ಖಾಲಿ ಹಾಕಿಬಿಡತ್ತೆ, ಅಪ್ ಮಾಡೋವಾಗ 'ವೇರಿಯೇಬಲ್ ಈಸ್ ನಾಟ್ ಸೆಟ್' ಅಂತ ಒಂದು ವಾರ್ನಿಂಗ್ ಹಾದುಹೋಗಿರತ್ತೆ, ನಾವು ನೋಡಿರಲ್ಲ. ಕಂಪೋಸ್ ಫೈಲಲ್ಲಾದ್ರೆ ಎರಡು ಡಾಲರ್ ಹಾಕ್ಬೇಕು, ಡಾಟ್ ಎನ್ವ್‌ನಲ್ಲಾದ್ರೆ ಸಿಂಗಲ್ ಕೋಟ್ ಒಳಗೆ ಇಡ್ಬೇಕು. ಏನು ಆಗಿದೆ ಅಂತ ನೋಡೋಕೆ 'ಡಾಕರ್ ಕಂಪೋಸ್ ಕಾನ್ಫಿಗ್' ಹೊಡೀರಿ, ಎಲ್ಲಾ ವೇರಿಯೇಬಲ್ ತುಂಬಿದ್ಮೇಲೆ ಫೈಲು ಹೇಗೆ ಕಾಣತ್ತೆ ಅಂತ ತೋರ್ಸತ್ತೆ. ಅದ್ರಲ್ಲಿ ಪಾಸ್‌ವರ್ಡೂ ಇರತ್ತೆ, ಯಾರಿಗೋ ಹೆಲ್ಪ್ ಕೇಳೋವಾಗ ಅದನ್ನ ಹಂಗೇ ಪೇಸ್ಟ್ ಮಾಡ್ಬೇಡಿ.

ಫೈಲ್ ಸರಿ ಮಾಡಿ 'ಡಾಕರ್ ಕಂಪೋಸ್ ರೀಸ್ಟಾರ್ಟ್' ಹೊಡೆದ್ರೆ ಏನೂ ಬದಲಾಗಲ್ಲ ಅನ್ನೋದೂ ಗೊತ್ತಿರ್ಲಿ. ರೀಸ್ಟಾರ್ಟು ಅದೇ ಹಳೇ ಕಂಟೇನರನ್ನ ಹಳೇ ವೇರಿಯೇಬಲ್ ಜೊತೆ ಎಬ್ಬಿಸತ್ತೆ, ಹೊಸದು ಬರ್ಬೇಕಂದ್ರೆ 'ಅಪ್ ಮೈನಸ್ ಡಿ'. ಲಾರಾವೆಲ್ಲಲ್ಲಿ ಕಾನ್ಫಿಗ್ ಕ್ಯಾಶ್ ಮಾಡಿಟ್ಟಿದ್ರೆ ಅದನ್ನೂ ಕ್ಲಿಯರ್ ಮಾಡ್ಬೇಕು. ಬೇರೆ ಕಡೆಯಿಂದ ತಂದ ವರ್ಡ್‌ಪ್ರೆಸ್ ಸೈಟಾದ್ರೆ ಹಳೇ ಕಾನ್ಫಿಗ್ ಫೈಲಲ್ಲಿ ಹೋಸ್ಟು ಪಾಸ್‌ವರ್ಡು ನೇರವಾಗಿ ಬರ್ದಿರತ್ತೆ, ನೀವು ಕಂಪೋಸಲ್ಲಿ ಏನೇ ಹಾಕಿದ್ರೂ ಅದು ಕ್ಯಾರೇ ಅನ್ನಲ್ಲ.

ನಿನ್ನೆವರ್ಗೂ ಚೆನ್ನಾಗಿತ್ತು

ಯಾವ ಫೈಲನ್ನೂ ಮುಟ್ಟಿಲ್ಲ, ತಾನಾಗೇ ಕೆಟ್ಟೋಯ್ತು ಅನ್ನೋ ಕೇಸಲ್ಲಿ ಮೊದ್ಲು ಡಿಸ್ಕ್ ನೋಡಿ. 'ಡಿಎಫ್ ಮೈನಸ್ ಎಚ್' 100 ಪರ್ಸೆಂಟ್ ತೋರ್ಸಿದ್ರೆ ಬೇರೆ ಎಲ್ಲೂ ಹುಡುಕ್ಬೇಡಿ. ಡಾಕರಿನ ಡೀಫಾಲ್ಟ್ ಜೇಸನ್ ಲಾಗಿಗೆ ಮಿತಿ ಇಲ್ಲ, ಬೆಳೀತಾನೇ ಹೋಗತ್ತೆ, 'ಮ್ಯಾಕ್ಸ್ ಸೈಜ್' ಹಾಕಿಡಿ. ಮೈಎಸ್‌ಕ್ಯೂಎಲ್ 8ರಲ್ಲಿ ಬೈನರಿ ಲಾಗು (ಡೇಟಾದಲ್ಲಾದ ಬದಲಾವಣೆಗಳ ದಾಖಲೆ) ಡೀಫಾಲ್ಟಾಗೇ ಆನ್ ಇರತ್ತೆ, 30 ದಿನದ್ದು ಇಟ್ಕೊಳತ್ತೆ. ಆ ಫೈಲುಗಳನ್ನ ಕೈಯಿಂದ ಡಿಲೀಟ್ ಮಾಡ್ಬೇಡಿ, ಡೇಟಾಬೇಸ್ ಒಳಗಿಂದ 'ಪರ್ಜ್ ಬೈನರಿ ಲಾಗ್ಸ್' ಹೊಡೀರಿ.

ಆಮೇಲೆ ಮೆಮೊರಿ. ಸೈಟು ದಿನಕ್ಕೆ ಎರಡು ಮೂರು ಸಲ ಒಂದೊಂದು ನಿಮಿಷ ಬಿದ್ದು ತಾನೇ ಎದ್ದೇಳ್ತಿದ್ರೆ ನನ್ನ ಮೊದಲ ಅನುಮಾನ ಇದ್ರ ಮೇಲೇನೇ. ಡೇಟಾಬೇಸ್ ಎಕ್ಸಿಟ್ ಕೋಡ್ 137 ಇದ್ರೆ ಅದನ್ನ ಯಾರೋ ಕೊಂದಿದಾರೆ, 128ಕ್ಕೆ ಕಿಲ್ ಸಿಗ್ನಲ್ಲಿನ 9 ಸೇರಿಸಿದ್ರೆ 137. ಮೆಮೊರಿ ಸಾಲದೆ ಲಿನಕ್ಸ್ ಕರ್ನಲ್ಲೇ ಕೊಂದಿರೋ ಸಾಧ್ಯತೆ ಹೆಚ್ಚು, ಕರ್ನಲ್ಲಿನ ಲಾಗ್ ತೋರ್ಸೋ 'ಡಿಮೆಸೇಜ್' (dmesg) ಕಮಾಂಡಿನಲ್ಲಿ 'ಔಟ್ ಆಫ್ ಮೆಮೊರಿ' ಅಂತ ಹುಡುಕಿ. ಡೇಟಾಬೇಸ್ ಸತ್ತಿದ್ರೂ ತಪ್ಪು ಅದರದ್ದೇ ಅಲ್ಲ, ಎಷ್ಟೋ ಸಲ ಹೊಟ್ಟೆಬಾಕ ಪಿಎಚ್‌ಪಿ ಆಗಿರತ್ತೆ, ಸಾಯೋದು ಮಾತ್ರ ದೊಡ್ಡದಾಗಿ ಕಾಣೋ ಡೇಟಾಬೇಸು.

'ಟೂ ಮೆನಿ ಕನೆಕ್ಷನ್ಸ್', ನಂಬರ್ 1040, ಬಂದ್ರೆ ಮೈಎಸ್‌ಕ್ಯೂಎಲ್ಲಿನ ಡೀಫಾಲ್ಟ್ 151 ತುಂಬಿದೆ, ಪೋಸ್ಟ್‌ಗ್ರೆಸ್ಸಲ್ಲಾದ್ರೆ 100. ಮಿತಿ ಜಾಸ್ತಿ ಮಾಡೋ ಮುಂಚೆ 'ಶೋ ಪ್ರೊಸೆಸ್‌ಲಿಸ್ಟ್' ನೋಡಿ. ಎಲ್ಲಾ 'ಸ್ಲೀಪ್' ಅಂತ ಮಲಗಿದ್ರೆ ಆ್ಯಪು ಕನೆಕ್ಷನ್ ತೆಗ್ದು ಮುಚ್ತಿಲ್ಲ, ಎಲ್ಲಾ ಒಂದೇ ಕ್ವೆರಿ ಮೇಲೆ ನಿಂತಿದ್ರೆ ಆ ಕ್ವೆರಿನೇ ಕಾರಣ, ಮಿತಿ 500 ಮಾಡಿದ್ರೆ 500 ಜನ ಅಲ್ಲೇ ನಿಂತ್ಕೋತಾರೆ ಅಷ್ಟೇ.

ಇಮೇಜ್ ಟ್ಯಾಗು 'ಲೇಟೆಸ್ಟ್' ಅಂತ ಇದ್ರೆ 'ಯಾವ ಫೈಲನ್ನೂ ಮುಟ್ಟಿಲ್ಲ' ಅನ್ನೋ ಮಾತಿಗೆ ಅರ್ಥ ಇಲ್ಲ. ಪುಲ್ ಮಾಡಿದ ದಿನ ವರ್ಷನ್ನೇ ಬದಲಾಗಿರತ್ತೆ. ಹಳೇ ಕಂಪೋಸ್ ಫೈಲುಗಳಲ್ಲಿ 'ಡೀಫಾಲ್ಟ್ ಅಥೆಂಟಿಕೇಷನ್ ಪ್ಲಗಿನ್' ಅನ್ನೋ ಆಪ್ಷನ್ ಕಮಾಂಡ್ ಲೈನಲ್ಲಿ ಇರತ್ತೆ, ಮೈಎಸ್‌ಕ್ಯೂಎಲ್ 8.4ರಲ್ಲಿ ಆ ಆಪ್ಷನ್ನೇ ತೆಗೆದಿದಾರೆ, ಹಾಗಾಗಿ 'ಅನ್‌ನೋನ್ ವೇರಿಯೇಬಲ್' ಅಂತ ಹೇಳಿ ಡೇಟಾಬೇಸ್ ಎದ್ದೇಳಲ್ಲ. ಹಳೇ 'ನೇಟಿವ್ ಪಾಸ್‌ವರ್ಡ್' ವಿಧಾನ 8.4ರಲ್ಲಿ ಡೀಫಾಲ್ಟಾಗಿ ಆಫ್, 9.0ರಲ್ಲಿ ಪೂರ್ತಿ ಹೋಯ್ತು. ವಾಪಸ್ ಹಳೇ ಇಮೇಜಿಗೆ ಹೋಗೋಣ ಅಂದ್ರೆ ಹೊಸ ವರ್ಷನ್ ಡೇಟಾ ಫೈಲುಗಳನ್ನ ಆಗ್ಲೇ ಅಪ್‌ಗ್ರೇಡ್ ಮಾಡಿರತ್ತೆ, ಹಳೇದು ಅದನ್ನ ಓದಲ್ಲ. ಪೋಸ್ಟ್‌ಗ್ರೆಸ್ ಉಲ್ಟಾ, ಮೇಜರ್ ವರ್ಷನ್ ಬದಲಾದ್ರೆ 'ಡೇಟಾಬೇಸ್ ಫೈಲ್ಸ್ ಆರ್ ಇನ್‌ಕಂಪ್ಯಾಟಿಬಲ್ ವಿತ್ ಸರ್ವರ್' ಅಂತ ಹೇಳಿ ಡೇಟಾ ಮುಟ್ಟದೇ ನಿಂತ್ಬಿಡತ್ತೆ, ಟ್ಯಾಗ್ ಹಿಂದಿಂದಕ್ಕೆ ಬದಲಾಯಿಸಿದ್ರೆ ಸಾಕು. ಯಾವುದಾದ್ರೂ ಸರಿ, ಟ್ಯಾಗಲ್ಲಿ ವರ್ಷನ್ ನಂಬರ್ ಬರೀರಿ.

ಎರರ್ ಇಲ್ಲ, ಡೇಟಾನೂ ಇಲ್ಲ

ಕೊನೇದು ಕನೆಕ್ಷನ್ ಎರರ್ರೇ ಅಲ್ಲ, ಆದ್ರೆ ಎದೆ ಧಸಕ್ ಅನ್ಸೋದು ಇದೇ ಜಾಸ್ತಿ. ಒಬ್ರು ಗೆಳೆಯರು ಪ್ರಾಜೆಕ್ಟ್ ಫೋಲ್ಡರಿನ ಹೆಸರು ಚೆನ್ನಾಗಿಲ್ಲ ಅಂತ ಬದಲಾಯಿಸಿ ಅಪ್ ಮಾಡಿದ್ರು. ಸೈಟ್ ತೆಗ್ದ್ರೆ ವರ್ಡ್‌ಪ್ರೆಸ್ಸು 'ಭಾಷೆ ಆಯ್ಕೆ ಮಾಡಿ' ಅಂತ ಇನ್‌ಸ್ಟಾಲ್ ಪೇಜ್ ತೋರಿಸ್ತಿದೆ. ಮೂರು ವರ್ಷದ ಪೋಸ್ಟ್‌ಗಳು ಮಾಯ. ಕಂಪೋಸು ಫೋಲ್ಡರ್ ಹೆಸರನ್ನೇ ಪ್ರಾಜೆಕ್ಟ್ ಹೆಸರಾಗಿ ತಗೊಂಡು ವಾಲ್ಯೂಮ್ ಹೆಸರಿನ ಮುಂದೆ ಅಂಟಿಸತ್ತೆ, ಫೋಲ್ಡರ್ ಹೆಸರು ಬದಲಾದ್ರೆ ಅದ್ರ ಲೆಕ್ಕದಲ್ಲಿ ಇದು ಹೊಸ ಪ್ರಾಜೆಕ್ಟು, ಹೊಸ ಖಾಲಿ ವಾಲ್ಯೂಮು. 'ಡಾಕರ್ ವಾಲ್ಯೂಮ್ ಎಲ್ಎಸ್' ಹೊಡೆದಾಗ ಎರಡೂ ಒಂದ್ರ ಕೆಳಗೊಂದು ಕಂಡ್ವು, ಹಳೇ ಹೆಸರಿಂದೊಂದು, ಹೊಸ ಹೆಸರಿಂದೊಂದು. ಅವ್ರು ಅಷ್ಟೊತ್ತಿಗೆ ಆ ಇನ್‌ಸ್ಟಾಲ್ ಪೇಜಲ್ಲಿ ಅರ್ಧ ಫಾರಂ ತುಂಬಿದ್ರು, ನಿಲ್ಲಿಸಿ ಅಂದೆ. ಡೌನ್ ಮಾಡಿ, 'ಮೈನಸ್ ವಿ' ಇಲ್ದೆ, ಕಂಪೋಸ್ ಫೈಲಿನ ಮೊದಲ್ನೇ ಲೈನಲ್ಲಿ 'ನೇಮ್' ಅಂತ ಹಾಕಿ ಹಳೇ ಹೆಸರು ಬರ್ದು ಅಪ್ ಮಾಡಿದ್ವಿ. ಪೋಸ್ಟ್‌ಗಳೆಲ್ಲ ಇದ್ದಲ್ಲೇ ಇದ್ವು.